ಬಿರುಕು ಹುಡುಕುವವನ ಹಲ್ಲು

ವಿಮಾನಪುರದ ಕಾರ್ಖಾನೆಯಲ್ಲಿ ನನ್ನ ಕೆಲಸ ಬಿರುಕು ಹುಡುಕುವುದಾಗಿತ್ತು. ಲೋಹದ ಬಿಡಿಭಾಗಕ್ಕೆ ಬಣ್ಣ ಹಚ್ಚಿ ಒರೆಸಿದರೆ, ಬಿರುಕಿದ್ದ ಕಡೆ ಮಾತ್ರ ಬಣ್ಣ ಉಳಿದು ಗೆರೆ ಕಾಣುತ್ತದೆ. ಹೆಚ್ಚಾಗಿ ಬಿರುಕು ಶುರುವಾಗುವುದು ಕೊರೆದ ತೂತಿನ ಅಂಚಿನಿಂದಲೇ. ಗೆರೆ ಕಂಡರೆ ರಿಜೆಕ್ಟ್. ನಿವೃತ್ತಿಯಾಗುವವರೆಗೂ ಯಾರು ಎಷ್ಟು ಗೋಗರೆದರೂ ನಾನು ಜಗ್ಗಿದವನಲ್ಲ.

ಇಷ್ಟೆಲ್ಲ ತಿಳಿದವನು ಸ್ವಂತ ದವಡೆ ಹಲ್ಲಿನ ವಿಷಯದಲ್ಲಿ ಶುದ್ಧ ಪೆದ್ದ. ಹುಳುಕು ಕೊರೆಸಿ ಬೆಳ್ಳಿಬಣ್ಣದ ಫಿಲ್ಲಿಂಗ್ ತುಂಬಿಸಿಕೊಂಡ ಮೇಲೆ, ಲೋಹ ಸೇರಿತಲ್ಲ, ಇನ್ನು ಬಾಯಿಗೆಲ್ಲ ಇದೇ ಗಟ್ಟಿ ಎಂದುಕೊಂಡಿದ್ದೆ. ಶಿವಾಜಿನಗರದ ಹೋಟೆಲಿಗೆ ಹೋದಾಗ ಮಟನ್ನಿನ ನಲ್ಲಿಮೂಳೆ ಕಡಿಯುವ ಕೆಲಸವನ್ನೂ ಅದಕ್ಕೇ ವಹಿಸುತ್ತಿದ್ದೆ.

ಒಂದು ಸಂಜೆ ರಾಮಮೂರ್ತಿ ನಗರದ ಮನೆಯಲ್ಲಿ ಕೂತು ನಿಪ್ಪಟ್ಟು ಕಡಿದೆ. ಕಚ್ಚಿದಾಗ ಏನೂ ಆಗಲಿಲ್ಲ. ಹಿಡಿತ ಬಿಟ್ಟ ಕ್ಷಣ ಕಿವಿಯ ತನಕ ಛಳಕ್ಕೆಂದಿತು. ಭಾರ ಬಿದ್ದಾಗ ಬಿರುಕು ತೆರೆಯುತ್ತದೆ, ಭಾರ ಇಳಿದಾಗ ಮುಚ್ಚಿಕೊಳ್ಳುತ್ತದೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ನೋವಿಗಿಂತ ಅದು ಗೊತ್ತಿರುವುದೇ ಹೆಚ್ಚು ಹೆದರಿಸಿತು. ಅಂದಿನಿಂದ ಇನ್ನೊಂದು ಕಡೆಯಲ್ಲೇ ಅಗಿಯತೊಡಗಿದೆ. ಮೆತ್ತನೆ ಅನ್ನ ತಿನ್ನುವಾಗಲೂ ಭಯ.

"ಹಲ್ಲಿದ್ರೆ ಕಡಲೆ ಇರಲ್ಲ ಅಂತಾರೆ. ನಿಮಗೆ ಎರಡೂ ಇದೆ, ಧೈರ್ಯ ಒಂದೇ ಇಲ್ಲ. ನಡೀರಿ," ಎಂದು ಹೆಂಡತಿ ನನ್ನನ್ನು ಹಲಸೂರಿನ ಹಲ್ಲಿನ ಡಾಕ್ಟರ್ ಹತ್ತಿರ ಹೊರಡಿಸಿದಳು. ಹಳೆ ಮದ್ರಾಸ್ ರಸ್ತೆಯಲ್ಲಿ ಟ್ರಾಫಿಕ್ ಇನ್ನಷ್ಟು ಹೊತ್ತು ನಿಲ್ಲಲಿ ಎಂದು ಬೇಡಿಕೊಂಡವನು ಇಡೀ ಬಸ್ಸಿನಲ್ಲಿ ನಾನೊಬ್ಬನೇ ಇರಬೇಕು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಫಿಲ್ಲಿಂಗ್ ತೂತು ಮುಚ್ಚುತ್ತೆ ಅಂಕಲ್, ಹೋದ ಬಲ ಪೂರ್ತಿ ವಾಪಸ್ ಬರಲ್ಲ. ನಿಮ್ದು ತುಂಬಾ ದೊಡ್ಡದು, ಸುತ್ತ ಉಳ್ದಿರೋ ಹಲ್ಲಿನ ಗೋಡೆ ತೆಳು. ಅಗಿದಾಗೆಲ್ಲ ಅದು ಬಾಗುತ್ತೆ," ಎಂದರು. ಸೂಜಿ ಚುಚ್ಚಿ, ಮರಗಟ್ಟಿಸಿ, ಹಳೆಯ ಫಿಲ್ಲಿಂಗ್ ತೆಗೆದರು. "ಬಿರುಕು ಬೇರಿಗೆ ಇಳಿದಿದ್ರೆ ಹಲ್ಲು ಕೀಳ್ಬೇಕಾಗುತ್ತೆ. ನೋಡೋಣ," ಎಂದು ಒಂದು ಪುಟ್ಟ ಸೀಸೆ ಎತ್ತಿಕೊಂಡರು. ಅದರಲ್ಲಿ ನೀಲಿ ಬಣ್ಣವಿತ್ತು.

ಹಚ್ಚಿದರು, ತೊಳೆದರು, ಕನ್ನಡಿ ಹಿಡಿದರು. ತೂತಿನ ಮೂಲೆಯಿಂದ ಹೊರಟ, ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ. ಅದನ್ನು ಗುರುತಿಸಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಹೇಗಾದ್ರೂ ಪಾಸ್ ಮಾಡ್ಬಿಡಿ ಮೇಡಂ," ಎಂದೆ, ಮರಗಟ್ಟಿದ ನಾಲಿಗೆಯಲ್ಲಿ.

ಅವರು ಲೈಟು ಹಿಡಿದು ತುಂಬ ಹೊತ್ತು ನೋಡಿದರು. "ಬೇರಿಗೆ ಇಳಿದಿರೋ ಹಾಗೆ ಕಾಣಲ್ಲ. ಹಲ್ಲಿನ ಮೇಲೆ ಕ್ಯಾಪ್ ಹಾಕಿದ್ರೆ ಉಳಿಯುತ್ತೆ ಅನ್ಸುತ್ತೆ. ಆದ್ರೆ ಅಂಕಲ್, ಈಗ ನೀವು ಅಗೀತಿರೋ ಕಡೆ ಎರಡು ಹಲ್ಲಲ್ಲಿ ಇಷ್ಟೇ ದೊಡ್ಡ ಫಿಲ್ಲಿಂಗ್ ಇದೆ. ಅದಕ್ಕೂ ಬಣ್ಣ ಹಾಕಿ ನೋಡ್ಲಾ?"

ನಾನು ಬಾಯಿ ಮುಚ್ಚಿಕೊಂಡೆ.