ಹೀರೋ ಸೊಂಟಕ್ಕೊಂದು ಹಗ್ಗ

ಧರಣಣ್ಣ ಅನಿಮೆ ನೋಡುತ್ತಿದ್ದುದು ಹೀರೋಗಾಗಿ ಅಲ್ಲ, ಹೀರೋನ ಹಿಂದೆ ಕೂತು ಉಣ್ಣುತ್ತಿರುವವನಿಗಾಗಿ. ಹಳೇಬೀಡಿನ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಗೆಂಡೆಹಳ್ಳಿ ಬಸ್ಸು ಬರುವವರೆಗೆ ನಾನು ಅಲ್ಲೇ ಕೂರುತ್ತಿದ್ದೆ. ಬಿಚ್ಚಿಟ್ಟ ಫೋನುಗಳ ನಡುವೆ ಒರಗಿಸಿದ ಟ್ಯಾಬಿನಲ್ಲಿ ಸದಾ ಒಂದು ಜಪಾನಿ ಕಾರ್ಟೂನು ಓಡುತ್ತಿತ್ತು. ಮುಳ್ಳುಹಂದಿಯಂತೆ ಕೂದಲು ನಿಮಿರಿಸಿಕೊಂಡ ಹುಡುಗನೊಬ್ಬ, ಲೋಕಕ್ಕೇ ದೊಡ್ಡವನಾಗುತ್ತೇನೆಂದು ಪರದೆಯ ತುಂಬ ಕಿರುಚುತ್ತಿದ್ದ. ಧರಣಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಮೂಲೆ ತೋರಿಸುತ್ತಿದ್ದ.

"ಅವ್ನನ್ನ ಬಿಡ್ಲಾ. ಇಲ್ಲಿ ಬಟ್ಟಲು ಹಿಡ್ಕಂಡು ಕೂತವ್ನಲ್ಲ, ಇವ್ನನ್ನ ನೋಡು. ಯುದ್ಧ ಮುಗುದ್ರೆ ಮನೆಗೋಗಿ ಮಲಗ್ಬೇಕು, ಅಷ್ಟೇ ಇವ್ನ ಆಸೆ. ನಮ್ಮೋನು."

ಧರಣಣ್ಣ ಜೈನ, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಸಂಜೆ ಬಿಸಿಲು ಎದುರಿನ ಬೇಕರಿಯ ಬೋರ್ಡು ಬಿಟ್ಟು ಮೇಲೇರಿತೆಂದರೆ, ಅರ್ಧ ಬಿಚ್ಚಿದ ಫೋನನ್ನು ಹಾಗೇ ಡಬ್ಬಿಗೆ ಹಾಕಿ ಷಟರ್ ಎಳೆಯುತ್ತಿದ್ದ. ಗಿರಾಕಿ ಗೋಗರೆದರೆ, "ನಾಳೆನೂ ಕೆಟ್ಟೇ ಇರ್ತದೆ, ಗಾಬರಿ ಆಗ್ಬೇಡಿ" ಎನ್ನುತ್ತಿದ್ದ. ಬೇಲೂರಿನಲ್ಲಿ ದೊಡ್ಡ ಅಂಗಡಿ ಹಾಕೋಣ ಎಂದು ಷಡ್ಡಕ ಕರೆದಾಗಲೂ ಹೋಗಲಿಲ್ಲ. ಅಲ್ಲಿಂದ ಹಗಲಿರುವಾಗಲೇ ಊಟಕ್ಕೆ ಬರಲಾಗುವುದಿಲ್ಲವಂತೆ. ಅಲ್ಲೇ ಮನೆ ಮಾಡಬಹುದಲ್ಲ ಎಂದೆ. "ಸಾಮಾನು ಹೊರೋನ್ಯಾರು?" ಎಂದ.

ಹೀರೋಗಳನ್ನೂ ಅವನು ಇದೇ ಅಳತೆಗೋಲಿನಲ್ಲಿ ಅಳೆಯುತ್ತಿದ್ದ. "ಇವ್ನು ಸಂಕಲ್ಪ ಮಾಡಿದ್ನಂತೆ. ಅದ್ಕೆ ಹಿಂದೆ ಒಂದೂರು ಪೂರ್ತಿ ಸುಟ್ಟೋಯ್ತು. ಆ ಊರೋರು ಅವತ್ತು ಏನ್ ಸಂಕಲ್ಪ ಮಾಡಿದ್ರೋ, ಪಾಪ."

ನನ್ನ ಅಕ್ಕನ ಮಗ ಕಿರಣ ಮಾತ್ರ ಹೀರೋ ಹೇಳಿದ್ದನ್ನೆಲ್ಲ ನಂಬಿದವನು. ಕೂದಲಿಗೆ ಕೆಂಪು ಬಣ್ಣ ಹಚ್ಚಿದ್ದ. ಹಳೇಬೀಡಿನ ಕೆರೆಯಲ್ಲಿ, ನೀರಿನೊಳಗೆ ನಿಂತ ಜಾಲಿ ಮರವನ್ನು ಈಜಿ ಮುಟ್ಟಿ ಬರುತ್ತೇನೆಂದು ಫೋನಿನಲ್ಲಿ ವಿಡಿಯೋ ಹಾಕಿ ಸಾರಿಬಿಟ್ಟ. ಅವನು ಈಜು ಕಲಿತದ್ದು ನಮ್ಮ ತೋಟದ ಕೃಷಿ ಹೊಂಡದಲ್ಲಿ. ಅಕ್ಕ ಅತ್ತಳು. ನಾನು ಬೈದೆ. ಬೈದವರನ್ನು ಕೊನೆಯ ಕಂತಿನಲ್ಲಿ ನಾಚಿಸುವುದೇ ಹೀರೋನ ಕೆಲಸವಾದ್ದರಿಂದ ಅವನ ಉತ್ಸಾಹ ಹೆಚ್ಚಿತು.

ಧರಣಣ್ಣ ಬುದ್ಧಿ ಹೇಳಲಿಲ್ಲ. ಮನೆಯ ಬಾವಿಯ ಹಗ್ಗ ಬಿಚ್ಚಿಕೊಂಡು ಕೆರೆಯ ದಡಕ್ಕೆ ಬಂದ.

"ಹೀರೋಗೆ ಹಗ್ಗ ಯಾಕಣ್ಣಾ? ನೋಡ್ದೋರು ನಗ್ತಾರೆ."

"ನೀರೊಳಗೆ ಯಾರಿಗೂ ಕಾಣಲ್ಲ ಕಣೋ. ಕಟ್ಕ. ಬೇಗ ಇಳಿ, ನಂಗೆ ಊಟಕ್ಕೋಗ್ಬೇಕು."

"ಇನ್ನೂ ಬಿಸಿಲಿದೆ. ಸೂರ್ಯ ಮುಳುಗ್ತಾ ಇರುವಾಗ ಇಳಿದ್ರೇನೇ ಸೀನು."

"ಸೂರ್ಯನ್ನೇ ನೋಡ್ಕಂಡು ಬದುಕಿರೋನು ನಾನು. ಅವ್ನು ಯಾರಿಗೂ ಕಾಯಲ್ಲ."

ಕಿರಣ ಕಾದ. ಹಗ್ಗದ ಒಂದು ತುದಿ ಅವನ ಸೊಂಟದಲ್ಲಿ, ಇನ್ನೊಂದು ಧರಣಣ್ಣನ ಕೈಯಲ್ಲಿ. ಹೀಗಾಗಿ ಧರಣಣ್ಣನೂ ಕಾದ.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ನೀರು ಕೆಂಪಾದಾಗ ಕಿರಣ ಇಳಿದ. ಚೆನ್ನಾಗಿಯೇ ಈಜಿದ. ಮರಕ್ಕೆ ಇನ್ನು ಸ್ವಲ್ಪ ದೂರವಿರುವಾಗ ಕಾಲು ಜೊಂಡಿಗೆ ಸಿಕ್ಕಿರಬೇಕು. ಒಂದು ಕೈ ಮೇಲೆದ್ದಿತು. ದಡದಲ್ಲಿ ಫೋನು ಹಿಡಿದು ನೆರೆದಿದ್ದ ಅವನ ಗೆಳೆಯರು ಅದನ್ನು ಗೆಲುವಿನ ಸನ್ನೆಯೆಂದು ತಿಳಿದು ಚಪ್ಪಾಳೆ ಹೊಡೆದರು. ಕೈ ಒಳಗೆ ಹೋಯಿತು. ಕೆಂಪು ಕೂದಲೂ ಹೋಯಿತು. ಚಪ್ಪಾಳೆ ನಿಲ್ಲಲಿಲ್ಲ.

"ಫೋನ್ ಮಡಗ್ರೋ, ಹಗ್ಗ ಹಿಡೀರೋ!" ಎಂದು ಧರಣಣ್ಣ ಕೂಗಿದ. ನಾನು ಹಿಡಿದೆ. ಮತ್ತೊಬ್ಬ ಒಂದು ಕೈಯಲ್ಲಿ ಹಿಡಿದ, ಇನ್ನೊಂದರಲ್ಲಿ ಫೋನಿತ್ತು. ಹಗ್ಗ ಮೊದಲು ಅಲ್ಲಾಡಲೇ ಇಲ್ಲ. ಆಮೇಲೆ ಏನೋ ಕಿತ್ತುಬಂದಂತಾಗಿ ಸಡಿಲವಾಯಿತು. ತುಂಡಾಯಿತೆಂದೇ ನಾನು ತಿಳಿದೆ. ಆ ಗಳಿಗೆ ಈಗಲೂ ನನ್ನ ಅಂಗೈಯಲ್ಲಿದೆ.

ಕಿರಣ ದಡಕ್ಕೆ ಬಂದ, ಎಳೆದ ಕೊರಡಿನಂತೆ. ನೀರು ಕಾರಿದ. ಕಣ್ಣು ಬಿಟ್ಟು ಆಡಿದ ಮೊದಲ ಮಾತು, "ವಿಡಿಯೋ ಬಂತಾ?"

ಧರಣಣ್ಣ ಪಡುವಣಕ್ಕೆ ನೋಡಿದ. ಸೂರ್ಯ ಇರಲಿಲ್ಲ. "ನನ್ನ ಊಟ ಹೋಯ್ತಲ್ಲೋ" ಎಂದ.

ವಿಡಿಯೋ ಬಂದಿತ್ತು. ಹಗ್ಗ ಕಾಣದಂತೆ ಕತ್ತರಿಸಿ, ಹಿಂದೆ ಡೋಲು ಬಾರಿಸಿ, ಸಾವನ್ನು ಗೆದ್ದವನೆಂದು ಮೇಲೆ ಬರೆದಿದ್ದರು. ಕಿರಣನ ಹುಟ್ಟುಹಬ್ಬಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬಿತ್ತು. ವಿಡಿಯೋದಲ್ಲಿ ಧರಣಣ್ಣ ಉಳಿದದ್ದು ಅಂಚಿನಲ್ಲೊಂದು ಮೊಣಕೈಯಾಗಿ. ಸಿಟ್ಟಿನಿಂದ ತೋರಿಸಿದೆ. ಹತ್ತಿರ ಹಿಡಿದು ನೋಡಿ, "ಮೊಣಕೈ ಚೆನ್ನಾಗಿ ಬಂದೈತೆ" ಎಂದ.

ಆಮೇಲೆ ಅವನು ಅಂಗಡಿ ಮುಚ್ಚಿ ಅರಸೀಕೆರೆಗೆ ಹೋದ. ಮಾವನ ಕೊಬ್ಬರಿ ಅಂಗಡಿ ಕೆಳಗೆ, ಮನೆ ಮೇಲೆ. ಈ ಸಲ ಸಾಮಾನನ್ನು ಮಾವನ ಆಳುಗಳೇ ಹೊತ್ತರಂತೆ. ಕೊನೆಯ ಸಲ ನಾನು ಹೋದಾಗ ಮೆಟ್ಟಿಲು ತೋರಿಸಿ, "ಇಷ್ಟು ಹತ್ತಿದ್ರೆ ಊಟ. ಮನುಷ್ಯ ಇದಕ್ಕಿಂತ ಇನ್ನೇನು ಮೇಲಕ್ಕೋಗ್ಬೇಕು?" ಎಂದ. ಆಮೇಲೆ ಕೇಳಿದ, "ನಿಮ್ಮ ಹೀರೋ ಎಂಗವ್ನೆ?"

"ಕಣಕಟ್ಟೆ ಕಡೆ ಒಂದು ಹಳೇ ಕಲ್ಲುಕ್ವಾರಿ ಐತಂತೆ. ಮೇಲಿಂದ ಅದರ ನೀರಿಗೆ ಹಾರ್ತಾನಂತೆ."

"ಯಾವ್ ಹೊತ್ತಲ್ಲಿ?"

"ಸಂಜೆ."

"ಬೆಳಗ್ಗೆ ಹಾರಕ್ಕೇಳು. ಬತ್ತೀನಿ."

"ಕೇಳ್ದೆ ಅಣ್ಣ. ಬೆಳಗಿನ ಬೆಳಕು ಚೆನ್ನಾಗಿರಲ್ವಂತೆ."

ಧರಣಣ್ಣ ಕೊಬ್ಬರಿ ಮೂಟೆಗಳ ಹಿಂದೆ ಹೋಗಿ ಬಾವಿ ಹಗ್ಗದ ಸುರುಳಿ ತಂದು ನನ್ನ ಹೆಗಲಿಗೆ ಹಾಕಿದ. ಜೊಂಡಿನ ಒಣಗಿದ ಎಳೆಯೊಂದು ಅದರಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಹೊರಗೆ ಬಿಸಿಲು ಎದುರಿನ ಗೋಡೆಯ ತುದಿಗೆ ಏರಿತ್ತು.

"ನೀನೇ ಹಿಡ್ಕಳ್ಲಾ. ನೀನು ರಾತ್ರಿ ಉಣ್ಣೋನು" ಎಂದು ಮೆಟ್ಟಿಲು ಹತ್ತಿದ.