ಕೆಮ್ಮು ನಿಂತ ವರ್ಷ

ಮೊಮ್ಮಗಳಿಗೆ ನೆಗಡಿಯೆಂದು ಸೊಸೆ ಮೊನ್ನೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದಳು. ಆ ವಾಸನೆ ತುಮಕೂರಿನ ಶಿರಾ ಗೇಟಿನ ಈ ಮನೆಯಿಂದ ನನ್ನನ್ನು ಎಪ್ಪತ್ತರ ದಶಕದ ಕುಣಿಗಲ್ಲಿಗೆ ಎಳೆದೊಯ್ದಿತು. ಅಲ್ಲಿ ವಠಾರದ ಪಕ್ಕದ ಮನೆಯಾಕೆ ತನ್ನ ಮಗಳ ಎದೆಗೆ ದಿನಾ ಇದೇ ಎಣ್ಣೆ ತಿಕ್ಕುತ್ತಿದ್ದಳು...

ಆಕೆಯ ಗಂಡ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದ. ನಾನು ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಮಗುವಿನ ಹೃದಯದಲ್ಲಿ ಹುಟ್ಟಿನಿಂದಲೇ ತೂತಿತ್ತು. ಹಾಲು ಕುಡಿಯುವಾಗಲೂ ಬೆವರುತ್ತಿತ್ತು. ತಿಂಗಳು ತಿಂಗಳೂ ಕೆಮ್ಮು, ಕಫ, ಜ್ವರ. ತುಮಕೂರಿನ ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, ತಡಮಾಡದೆ ಆಪರೇಷನ್ ಮಾಡಿಸಿ ಎಂದಿದ್ದರು. ಇಂಗ್ಲಿಷಿನ ಆ ಚೀಟಿ ಓದಿ ಹೇಳಿದವಳು ನಾನು. ಜೊತೆಗೆ ಬರುತ್ತೇನೆಂದು ಮಾತು ಕೊಟ್ಟವಳೂ ನಾನೇ.

ಅಷ್ಟರಲ್ಲಿ ಮಗುವಿಗೆ ಎರಡು ತುಂಬಿತು. ಕೆಮ್ಮು ತಾನಾಗಿ ನಿಂತಿತು, ಕೆನ್ನೆ ತುಂಬಿಕೊಂಡಿತು. ನನಗೋ ಬೇಸಿಗೆ ರಜೆ, ಗುಬ್ಬಿಯ ತವರಿಗೆ ಹೋಗುವ ಆಸೆ. "ತೂತು ತಾನೇ ಮುಚ್ಕೊಂಡಿರತ್ತೆ ಕಣೇ, ಕೆಲವು ಮಕ್ಕಳಿಗೆ ಹಂಗಾಗತ್ತೆ. ಸುಮ್ನೆ ಯಾಕೆ ಕೂಸಿನ ಎದೆ ಕುಯ್ಯಿಸ್ತೀಯಾ?" ಎಂದುಬಿಟ್ಟೆ. ಎಲ್ಲೋ ವಾರಪತ್ರಿಕೆಯಲ್ಲಿ ಓದಿದ್ದ ಮಾತು. ಅಲ್ಪವಿದ್ಯಾ ಮಹಾಗರ್ವಿ! ಆಕೆ ನಂಬಿದಳು. ನಾಲ್ಕು ವರ್ಷ ಹಾಗೇ ಕಳೆಯಿತು.

ಆರನೇ ವಯಸ್ಸಿಗೆ, ಕೆರೆ ಏರಿ ಹತ್ತುವಾಗ ಹುಡುಗಿಯ ತುಟಿ, ಉಗುರು ನೇರಳೆ ಬಣ್ಣಕ್ಕೆ ತಿರುಗತೊಡಗಿದವು. ಆಗ ಬೆಂಗಳೂರಿಗೆ ಓಡಿದೆವು. ಅಲ್ಲಿನ ಡಾಕ್ಟರಿಗೆ ಕನ್ನಡ ಬಾರದು. ಅವರ ಇಂಗ್ಲಿಷನ್ನು ನಾನು ಆಕೆಗೆ ಕನ್ನಡದಲ್ಲಿ ಹೇಳಬೇಕಿತ್ತು. ತೂತಿನಿಂದ ರಕ್ತ ಹೆಚ್ಚಾಗಿ ನುಗ್ಗಿ ನುಗ್ಗಿ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟಿ ಬಿಗಿದುಕೊಂಡಿವೆ, ಅಲ್ಲಿ ಒತ್ತಡ ಏರಿದೆ. ಕೆಮ್ಮು ನಿಂತದ್ದೂ ಆ ಬಿಗಿತದಿಂದ ಶ್ವಾಸಕೋಶಕ್ಕೆ ರಕ್ತ ನುಗ್ಗುವುದು ಕಡಿಮೆಯಾಗಿಯೇ. ಈಗ ತೂತು ಮುಚ್ಚಿದರೆ ಮಗು ಉಳಿಯುವುದಿಲ್ಲ. ಓಡಲು ಬಿಡಬೇಡಿ, ದಣಿಸಬೇಡಿ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ...

ಆಮೇಲೆ ಅವರು ಸಿಟ್ಟಿನಿಂದ ಕೇಳಿದ ಪ್ರಶ್ನೆಯನ್ನೂ ನಾನೇ ಹೇಳಿದೆ. "ಇಷ್ಟು ವರ್ಷ ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಕೇಳ್ತಿದಾರೆ."

ಆಕೆ ನನ್ನ ಮುಖ ನೋಡಿದಳು. ಮಗಳ ತಲೆ ಸವರುತ್ತಾ ಆಕೆ ಹೇಳಿದಳು: "ನಂಗೇ ಬುದ್ಧಿ ಇರ್ನಿಲ್ಲ ಅಂತ ಹೇಳ್ಬುಡಿ ಟೀಚರಮ್ಮ."

ಹೇಳಿದೆ. ಒಂದು ಅಕ್ಷರ ತಪ್ಪದ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಆಕೆಯನ್ನು ಬೈದರು. ಆ ಬೈಗುಳವನ್ನೂ ಆಕೆಗೆ ಕನ್ನಡದಲ್ಲಿ ಒಪ್ಪಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು...

ಹುಡುಗಿ ಹದಿಮೂರು ತುಂಬುವ ಮೊದಲೇ ಹೋಯಿತು. ಆಮೇಲೂ ಪ್ರತಿ ಯುಗಾದಿಗೆ ಆಕೆಯ ಮನೆಯಿಂದ ನಮಗೆ ಒಬ್ಬಟ್ಟು ಬರುತ್ತಿತ್ತು. ನಾನು ತಿನ್ನುತ್ತಿದ್ದೆ. ತುಮಕೂರಿಗೆ ವರ್ಗವಾಗಿ ಹೊರಟ ದಿನ ಅತ್ತು ಕಳಿಸಿಕೊಟ್ಟವಳೂ ಆಕೆಯೇ. ಆವತ್ತಾದರೂ ಹೇಳಬಹುದಿತ್ತು. ಲಾರಿ ಹತ್ತಿದೆ.

ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನ ದಡ್ಡತನದಿಂದಲೇ ಮಗಳನ್ನು ಕಳೆದುಕೊಂಡೆ ಎಂದು ವಠಾರದವರಿಗೂ ಗಂಡನಿಗೂ ಹೇಳಿಕೊಂಡೇ ಆಕೆ ಸತ್ತಳಂತೆ. ನನ್ನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲವಂತೆ.