ಹೊಗೆಯಲ್ಲಿ ಹಿಡಿದ ಹರಳು

ಆರು ತಿಂಗಳು ಬೆಳೆಸಿದ ಪ್ರೋಟೀನ್ ಹರಳುಗಳಲ್ಲಿ ಉಳಿದಿದ್ದು ಮೂರೇ. ಎಕ್ಸ್-ರೇ ಹಾಯಿಸುವ ಮೊದಲು ಅವನ್ನು ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಬೇಕು. ನಾನು ಎಷ್ಟು ಜೋಪಾನವಾಗಿ, ನಿಧಾನವಾಗಿ ಇಳಿಸಿದರೂ ಒಳಗೆ ಐಸ್ ಕಟ್ಟಿ ಹರಳು ಬಿರುಕು ಬಿಡುತ್ತಿತ್ತು.

ಆ ಭಾನುವಾರ ಪಟ್ಟಂದೂರು ಅಗ್ರಹಾರದ ನಮ್ಮ ಮನೆ ಓನರ್ ಅಮ್ಮನ ಹಸುವಿಗೆ ಗಬ್ಬದ ಇಂಜೆಕ್ಷನ್ ಕೊಡಲು ಒಬ್ಬರು ಬೈಕಿಗೆ ಕ್ಯಾನ್ ಕಟ್ಟಿಕೊಂಡು ಬಂದರು. ಕ್ಯಾನಿನ ಮುಚ್ಚಳ ತೆಗೆದರೆ ಅದೇ ಬಿಳಿ ಹೊಗೆ, ಲ್ಯಾಬಿನಲ್ಲಿ ನಾನು ಬಳಸುವ ಅದೇ ದ್ರವ ಸಾರಜನಕ! ಅವರು ಹೆಪ್ಪುಗಟ್ಟಿಸಿದ ಹೋರಿ ವೀರ್ಯದ ಕಡ್ಡಿಯೊಂದನ್ನು ಚಕ್ಕನೆ ಎಳೆದು ಉಗುರುಬೆಚ್ಚಗಿನ ನೀರಿಗೆ ಹಾಕಿದರು.

"ಸ್ವಲ್ಪ ನಿಧಾನ ಅಣ್ಣ, ನೋಡ್ಬೇಕು" ಅಂದೆ.

"ನಿಧಾನ ಮಾಡಿ ಕೆಡಿಸ್ಲಾ ಸಾರ್? ಈ ಹೊಗೇಲಿ ಹಿಡ್ಕೊಂಡು ನಿಂತ್ರೆ ಒಳಗೆಲ್ಲ ಐಸ್ ಕಟ್ಟಿ ಸತ್ತೋಯ್ತದೆ. ಒಂದೋ ಒಳಗಿರ್ಬೇಕು, ಇಲ್ಲ ಹೊರಗಿರ್ಬೇಕು."

ಜೋಪಾನ ಅಂದುಕೊಂಡು ಇಷ್ಟು ದಿನ ಹರಳುಗಳನ್ನು ಆ ಹೊಗೆಯಲ್ಲೇ ಹಿಡಿದು, ಮೆಲ್ಲಗೆ ತಣಿಸಿ ಕೊಂದವನು ನಾನೇ!

ಸೋಮವಾರ ಗಾಳಿ ಹಾಯಿಸಿ ಹೊಗೆ ಸರಿಸಿ, ಪಟ್ಟನೆ ಅದ್ದಿದೆ. ಹರಳು ಗಾಜಿನಂತೆ ತಿಳಿಯಾಗಿ ಉಳಿಯಿತು.

"ಇದನ್ನ ಯಾವ ಜರ್ನಲ್‌ನಲ್ಲಿ ಓದಿದ್ರಿ?" ಲ್ಯಾಬಿನ ಮುಖ್ಯಸ್ಥೆ ಬೆರಗಾಗಿ ಕೇಳಿದರು.

"ನಮ್ಮ ಓನರ್ ಹಸು ಬೆದೆಗೆ ಬಂದಿತ್ತು ಮೇಡಂ" ಅಂದೆ.